ಹಾಯಿಕಂಬದ ಬಣ್ಣದ ಒಳಗೆ ಎಂತ ಉಂಟು?

(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ದೋಣಿಯ ವಿಷಯ ಹೆಂಗಸರಿಗೆ ಯಾಕೆ ಎಂದು ಕೆಲವರು ಕೇಳಬಹುದು. ದೋಣಿ ರಿಪೇರಿಗೆ ಸಂಘದಿಂದ ಸಾಲ ತೆಗೆಯುವವರು ನಾವು, ಕಂತು ಕಟ್ಟುವವರೂ ನಾವೇ. ಆ ದುಡ್ಡು ಎಲ್ಲಿಗೆ ಹೋಗ್ತದೆ ಎಂದು ನಮಗೆ ಗೊತ್ತಿರಬೇಕಲ್ವಾ? ಹಾಗಾಗಿ ಇವತ್ತು ಹಾಯಿಕಂಬದ ಬಗ್ಗೆ ಮಾತಾಡ್ತೇನೆ. ಹಳಬರು ಕೂವೆಮರ ಎನ್ನುತ್ತಿದ್ದದ್ದು ಇದನ್ನೇ.

ಇಂಜಿನು ಬಂದ ಮೇಲೆ ಹಾಯಿ ಕಟ್ಟುವ ದೋಣಿಗಳು ಕಡಿಮೆಯಾದವು. ನನ್ನ ಅಣ್ಣನದ್ದು ಅಂಥ ಒಂದು ಹಳೆಯ ಸಣ್ಣ ದೋಣಿ. ಒಂದು ವರ್ಷ ದುಡ್ಡು ಸಾಲದೆ ಕಂಬದ ಬಿರುಕಿಗೆ ಪುಟ್ಟಿ ತುಂಬಿಸಿ, ಮೇಲೆ ಎರಡು ಕೋಟು ಪೇಂಟು ಬಳಿದೆವು. ನೋಡಲಿಕ್ಕೆ ಹೊಸತೇ. ಅಳಿವೆಯ ಹತ್ತಿರ ಗಾಳಿ ಸ್ವಲ್ಪ ಜೋರಾದದ್ದೇ ತಡ, ಕಂಬ ಬುಡದಲ್ಲಿ ಮುರಿದು ಅಣ್ಣನ ಭುಜದ ಮೇಲೆ ಬಿತ್ತು. ಮೂರು ತಿಂಗಳು ದುಡಿಮೆ ಇಲ್ಲ. ಮುರಿದ ಜಾಗ ನೋಡಿದರೆ ಒಳಗಿನ ಮರ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಆಗಿತ್ತು.

ದೊಡ್ಡ ನಾವಿಕರಿಗೂ ಕಂಬ ಹೋದರೆ ಕಷ್ಟವೇ. ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿಯವರು ಒಬ್ಬರೇ ಲೋಕ ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿದ್ದಾಗ, 2018ರ ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಕಂಬ ಮುರಿಯಿತು, ಬೆನ್ನೆಲುಬಿಗೆ ಪೆಟ್ಟಾಯಿತು. ಮೂರು ದಿನದ ಮೇಲೆ ಫ್ರಾನ್ಸಿನ ಒಂದು ಹಡಗು ಬಂದು ಅವರನ್ನು ಎತ್ತಿಕೊಂಡಿತು. ಅವರ ಕಂಬವನ್ನು ಮುರಿದದ್ದು ಬಿರುಗಾಳಿ. ನಮ್ಮದನ್ನು ಮುರಿದದ್ದು ಮಳೆನೀರು. ಹೌದು, ಉಪ್ಪುನೀರಿಗಿಂತ ಮಳೆಯ ಸಿಹಿನೀರೇ ಮರವನ್ನು ಬೇಗ ಕೊಳೆಸುವುದು. ಕಂಬದ ಬುಡ ಕೂರುವ ಗುಳಿಯಲ್ಲಿ ಅದು ನಿಂತರೆ ಕೆಲಸ ಕೆಟ್ಟಿತು.

ಹಾಗಾದರೆ ಸಾಲದ ಅರ್ಜಿ ಬರೆಯುವ ಮೊದಲು ಕಂಬವನ್ನು ಇಳಿಸಿ ನೋಡಿ. ಬಣ್ಣ ಕೆರೆಯಿರಿ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ತೆಂಗಿನಕಾಯಿ ತಟ್ಟಿ ನೋಡಲು ನಮಗೆ ಯಾರೂ ಕಲಿಸಬೇಕಾಗಿಲ್ಲ, ಇದೂ ಹಾಗೆಯೇ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಡಬ್ ಎನ್ನುತ್ತದೆ. ಅಂಥಲ್ಲಿ ಚೂರಿಯ ಮೊನೆ ಒತ್ತಿ. ಸುಲಭವಾಗಿ ಒಳಗೆ ಹೋದರೆ ಅಷ್ಟೂ ಭಾಗ ತೆಗೆಯಬೇಕು. ಬುಡ, ಅಡ್ಡಹಲಗೆ ಕಚ್ಚುವ ಜಾಗ, ಕಬ್ಬಿಣದ ಬಳೆಯ ಅಡಿ, ತುದಿಯ ರಾಟೆಯ ತೂತು, ಇಲ್ಲಿ ಎರಡೆರಡು ಸಲ ನೋಡಿ. ಎಳೆಯ ಉದ್ದಕ್ಕೆ ಹೋದ ಬಿಸಿಲಿನ ಸಣ್ಣ ಬಿರುಕಿಗೆ ಸಾಮಾನ್ಯವಾಗಿ ಹೆದರಬೇಕಾಗಿಲ್ಲ. ಅದಕ್ಕೆ ಗಟ್ಟಿ ಪುಟ್ಟಿ ತುಂಬಿಸಬೇಡಿ, ಮಳೆಗಾಲದಲ್ಲಿ ಮರ ಉಬ್ಬಿದಾಗ ಪುಟ್ಟಿಯೇ ಬಿರುಕನ್ನು ಅಗಲ ಮಾಡ್ತದೆ. ಎಳೆಯನ್ನು ಅಡ್ಡ ಕತ್ತರಿಸಿದ ಬಿರುಕು ಇದ್ದರೆ ಮಾತ್ರ ಆ ದೋಣಿಯಲ್ಲಿ ಯಾರನ್ನೂ ಕಳಿಸಬೇಡಿ.

ಬುಡ ಹೋದರೆ ಇಡೀ ಕಂಬ ಬಿಸಾಡಬೇಕೆಂದಿಲ್ಲ. ಕೊಳೆತದ್ದನ್ನು ಕಡಿದು, ಗಟ್ಟಿ ಮರಕ್ಕೆ ಅದೇ ಜಾತಿಯ, ಗಂಟಿಲ್ಲದ, ನೇರ ಎಳೆಯ ಹೊಸ ತುಂಡನ್ನು ಓರೆಯಾಗಿ ಜೋಡಿಸಬಹುದು. ಕಂಬ ಎಷ್ಟು ದಪ್ಪವೋ ಅದರ ಹನ್ನೆರಡು ಪಟ್ಟು ಉದ್ದಕ್ಕೆ ಓರೆ ಬೇಕು. 3 ಇಂಚು ದಪ್ಪಕ್ಕೆ 36 ಇಂಚು. ಓರೆ ಗಿಡ್ಡವಾದರೆ ಅಂಟು ಎಷ್ಟೇ ಒಳ್ಳೆಯದಿದ್ದರೂ ಹಿಡಿಯುವ ಜಾಗ ಸಾಲುವುದಿಲ್ಲ. ನಮ್ಮಲ್ಲಿ ಬಂದ ಕೆಲಸದವರು ಒಂದು ಅಡಿ ಧಾರಾಳ ಸಾಕು ಎಂದರು. ಅತ್ತಿಗೆ ಟೇಪು ಹಿಡಿದುಕೊಂಡು ಅಲ್ಲಿಂದ ಏಳಲೇ ಇಲ್ಲ ಮಾರಾಯ್ರೆ! ಕೊನೆಗೆ ಮೂರು ಅಡಿಯೇ ಆಯಿತು. ಅಡ್ಡಹಲಗೆ ಕಚ್ಚುವಲ್ಲಿ ಕಂಬಕ್ಕೆ ಎಲ್ಲಕ್ಕಿಂತ ಜಾಸ್ತಿ ಒತ್ತಡ. ಹಾಗಾಗಿ ಓರೆಯ ತುದಿ ಅಲ್ಲಿ ಬರದ ಹಾಗೆ ಮೊದಲೇ ಗುರುತು ಹಾಕಿಸಿ.

ಅಂಟು ಎಂದರೆ ಎರಡು ಡಬ್ಬಿಯ ಎಪಾಕ್ಸಿ. ಡಬ್ಬಿಯಲ್ಲಿ ಬರೆದ ಅಳತೆಯಂತೆಯೇ ಕಲಸಬೇಕು, ಬೇಗ ಗಟ್ಟಿಯಾಗಲಿ ಎಂದು ಒಂದನ್ನು ಜಾಸ್ತಿ ಹಾಕಿದರೆ ಸರಿಯಾಗಿ ಗಟ್ಟಿಯೇ ಆಗುವುದಿಲ್ಲ. ಒಟ್ಟಿಗೆ ತುಂಬ ಕಲಸಬಾರದು, ಡಬ್ಬಿಯಲ್ಲೇ ಕಾದು ಕಲ್ಲಾಗ್ತದೆ. ಕೈಗೆ ಗ್ಲೌಸ್ ಬೇಕೇ ಬೇಕು. ಮರ ಚೆನ್ನಾಗಿ ಒಣಗಿರಬೇಕು, ಆದ್ದರಿಂದ ಈ ಕೆಲಸ ಏಪ್ರಿಲ್ ಒಳಗೆ ಮುಗಿಯಲಿ. ಮೊದಲು ಎರಡೂ ಮುಖಕ್ಕೆ ತೆಳು ಅಂಟು ಕುಡಿಸಿ, ಆಮೇಲೆ ನಯವಾದ ಮರದ ಹುಡಿ ಬೆರೆಸಿ ದಪ್ಪ ಮಾಡಿದ್ದನ್ನು ಹಚ್ಚಿ ಜೋಡಿಸಬೇಕು. ಹಿಡಿಕೆ ಹಾಕುವಾಗ ತೀರಾ ಬಿಗಿದರೆ ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. ಒಣಗಿದ ಮೇಲೆ ವಾರ್ನಿಶ್ ಅಥವಾ ಪೇಂಟು ಕೊಡಿ, ಬಿಸಿಲು ಎಪಾಕ್ಸಿಗೆ ಆಗುವುದಿಲ್ಲ. ಪೇಂಟು ಕೆಟ್ಟದ್ದಲ್ಲ, ನಾವು ಅದನ್ನು ಹಚ್ಚಿದ ಹೊತ್ತು ತಪ್ಪಿತ್ತು ಅಷ್ಟೆ.

ಕಂಬ ಕೂರುವ ಗುಳಿಯಿಂದ ನೀರು ಹೊರಗೆ ಹರಿಯಲಿಕ್ಕೆ ಸಣ್ಣ ದಾರಿ ಮಾಡಿಸಿ. ಕಂಬ ಎಳೆದು ಕಟ್ಟುವ ಹಗ್ಗವನ್ನೂ ನೋಡಿ. ಮೊದಲ ಸಲ ಹಾಯಿ ಏರಿಸುವುದು ಮೆಲ್ಲ ಗಾಳಿಯಲ್ಲಿ, ದಡದ ಹತ್ತಿರವೇ. ಮಳೆಗಾಲದಲ್ಲಿ ಕಂಬವನ್ನು ಗೋಡೆಗೆ ಒರಗಿಸಿಟ್ಟರೆ ಬಾಗುತ್ತದೆ. ಮಾಡಿನ ಅಡಿ ಮೂರು ಕಡೆ ಆಧಾರ ಕೊಟ್ಟು ಮಲಗಿಸಿ.

ಅಣ್ಣನ ಕಂಬ ಈಗ ನಮ್ಮ ಜಗಲಿಯಲ್ಲೇ ಉಂಟು. ಸಭೆ ಮುಗಿದ ಮೇಲೆ ಬನ್ನಿ, ಸುತ್ತಿಗೆ ಕೊಡ್ತೇನೆ, ನೀವೇ ತಟ್ಟಿ ನೋಡಿ.