ಅಪ್ಪನ ಸಹಿ ಸಾಕಾ, ಅಪ್ಪ ಬೇಡವಾ?

ರಾಜಕಾರಣವನ್ನು ಇವತ್ತು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ನಿಮ್ಮ ಮಗುವಿನ ಶಾಲೆಗೆ ನೀವು ಕೊನೆಯ ಸಲ ಹೋಗಿದ್ದು ಯಾವಾಗ? ಈ ಪ್ರಶ್ನೆ ಅಮ್ಮಂದಿರಿಗಲ್ಲ, ಅಪ್ಪಂದಿರಿಗೆ.

ಸರ್ಕಾರಿ ಶಾಲೆಯ ಮೇಷ್ಟ್ರನ್ನೋ ಟೀಚರನ್ನೋ ಮಾತಾಡಿಸಿ ನೋಡಿ. ಸಭೆ ಕರೆದರೆ ಅಮ್ಮ ಬರ್ತಾರೆ, ಅಜ್ಜಿ ಬರ್ತಾರೆ, ಯಾರೂ ಇಲ್ಲದಿದ್ದರೆ ಹೈಸ್ಕೂಲಿನ ಅಕ್ಕ ಬರ್ತಾಳೆ. ಅಪ್ಪ ಬರೋದು ಅಡ್ಮಿಷನ್‌ಗೆ ಒಮ್ಮೆ, ಟಿ.ಸಿ.ಗೆ ಒಮ್ಮೆ ಅನ್ನೋದು ಅವರಲ್ಲಿ ಅನೇಕರ ಬೇಸರ.

ಹಾಗಂತ ಗಂಡಸರಿಗೆ ಶಾಲೆಯ ದಾರಿ ಗೊತ್ತಿಲ್ಲ ಅನ್ನೋ ಹಾಗಿಲ್ಲ. ಎಸ್‌ಡಿಎಂಸಿ ಅಂತ ಒಂದಿದೆಯಲ್ಲ, ನಮ್ಮ ರಾಜ್ಯದಲ್ಲಿ 2001ರಿಂದ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅದರ ಅಧ್ಯಕ್ಷಗಿರಿಗೆ ಎಷ್ಟೋ ಊರುಗಳಲ್ಲಿ ಪಂಚಾಯ್ತಿ ಎಲೆಕ್ಷನ್ ಥರ ಪೈಪೋಟಿ! ಕಾಂಪೌಂಡ್ ಬಗ್ಗೆ ಚರ್ಚೆ, ಕೊಠಡಿ ಬಗ್ಗೆ ಚರ್ಚೆ. ಬೇಕು, ಅದೂ ಬೇಕು. ಆದರೆ ನನ್ನ ಮಗಳು ಒಂದು ಪುಟ ಕನ್ನಡ ತಡವರಿಸದೆ ಓದ್ತಾಳಾ ಅಂತ ಕೇಳೋ ಅಪ್ಪಂದಿರು ಎಷ್ಟು ಜನ?

ಈಗ ಶಿಕ್ಷಕರ ಕಡೆಗೂ ಬರೋಣ. ಅದೇ ಕಾಯ್ದೆಯ 24ನೇ ಕಲಂ ಓದಿ. ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಬೇಕು. ಮಗುವಿನ ಹಾಜರಾತಿ, ಕಲಿಕೆ, ಪ್ರಗತಿಯನ್ನು ತಿಳಿಸಬೇಕು. ಅದು ಶಿಕ್ಷಕರ ಕರ್ತವ್ಯ. ಸರಿ, ಸಭೆ ಇಡೋದು ಯಾವಾಗ? ಕೆಲಸದ ದಿನ, ಬೆಳಗ್ಗೆ 11 ಗಂಟೆಗೆ. ಗಾರೆ ಕೆಲಸದವನು ಅವತ್ತು ಬಂದರೆ ಅವತ್ತಿನ ಕೂಲಿ ಹೋಯ್ತು. ಬಂದ ಮೇಲಾದರೂ ಏನು ಸಿಗುತ್ತೆ? ನಿಮ್ಮ ಹುಡುಗ ಸರಿಯಿಲ್ಲ ಅನ್ನೋ ಬೈಗುಳ. ದೂರು ಕೇಳೋಕೆ ಅಂತಲೇ ಕರೆದರೆ ಯಾರು ಸ್ವಾಮಿ ಖುಷಿಯಿಂದ ಬರ್ತಾರೆ?

ಇನ್ನೊಂದು ವಿಚಿತ್ರ ನೋಡಿ. ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಲ್ಲಿ ಹೋಮ್‌ವರ್ಕ್ ಬರುತ್ತೆ. ಮನೆಯಲ್ಲಿರೋದು ಒಂದೇ ಸ್ಮಾರ್ಟ್‌ಫೋನ್, ಅದು ಅಪ್ಪನ ಜೇಬಲ್ಲಿ. ಅಪ್ಪ ಮನೆ ಸೇರೋದು ರಾತ್ರಿ 9ಕ್ಕೆ, ಅಷ್ಟೊತ್ತಿಗೆ ಮಗು ನಿದ್ದೆಯಲ್ಲಿ. ಹೋಮ್‌ವರ್ಕ್ ಮಾಡಿಸಬೇಕಾದ ಅಮ್ಮನಿಗೆ ಮೆಸೇಜೇ ತಲುಪಿಲ್ಲ!

ಕಲಬುರಗಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬರುವವರನ್ನೂ ನೆನೆಯಿರಿ. ಅಪ್ಪ-ಅಮ್ಮ ಇಲ್ಲಿ, ಮಗು ಅಲ್ಲಿ ಅಜ್ಜನ ಮನೆಯಲ್ಲಿ. ಆ ಅಜ್ಜನೇ ಪೋಷಕ. ಅವನಿಗೂ ಶಾಲೆಯಲ್ಲೊಂದು ಕುರ್ಚಿ ಸಿಗಬೇಕು. ಊರಿಗೆ ಬರಲಾಗದ ಅಪ್ಪನಿಗೆ ತಿಂಗಳಿಗೊಂದು ಫೋನ್ ಹೋಗಬೇಕು.

ಹಾಗಾದರೆ ಏನು ಮಾಡೋದು? ಶಿಕ್ಷಕರೇ, ಸಭೆಯನ್ನು ಒಂದು ಭಾನುವಾರಕ್ಕೋ ಸಂಜೆಗೋ ಇಟ್ಟು ನೋಡಿ, ಅದರ ಬದಲಿಗೆ ನಿಮಗೂ ರಜೆ ಸಿಗಲಿ. ಮೊದಲ ಫೋನು ಮಗುವಿನ ಒಂದು ಒಳ್ಳೆಯ ಸುದ್ದಿ ಹೇಳೋಕೆ ಇರಲಿ, ದೂರು ಆಮೇಲೆ. ಅಪ್ಪಂದಿರೇ, ನನಗೆ ಓದು ಬರಲ್ಲ ಅನ್ನೋ ಸಂಕೋಚ ಬಿಡಿ. ಕರೆಂಟ್ ಬಿಲ್ಲೋ ಬೀಜದ ಪ್ಯಾಕೆಟ್ಟೋ ಮಗುವಿನ ಕೈಗೆ ಕೊಟ್ಟು, ಓದು ಮಗಾ ಅನ್ನಿ. ಕೇಳಿಸಿಕೊಳ್ಳೋಕೆ ಡಿಗ್ರಿ ಬೇಕಾಗಿಲ್ಲ.

ಪ್ರೋಗ್ರೆಸ್ ಕಾರ್ಡಿನಲ್ಲಿ ಅಪ್ಪನ ಸಹಿಗೆ ಒಂದು ಗೆರೆ ಇದೆ. ಆ ಗೆರೆಯ ಮೇಲೆ ಏನು ಬರೆದಿದೆ ಅಂತ ಈ ಸಲ ಓದಿಸಿಕೊಂಡು, ಆಮೇಲೆ ಸಹಿ ಹಾಕಿ.