ದಾಳ ಹೊರಗೆ, ದರ್ಪ ಒಳಗೆ

(ಭದ್ರಾವತಿಯ ಸಭೆಯೊಂದರಲ್ಲಿ ಮಾಡಿದ ಭಾಷಣ)



ರಜೆ ಬಂತೆಂದರೆ ಶಿವಮೊಗ್ಗ, ಭದ್ರಾವತಿಯ ಮನೆಗಳಲ್ಲಿ ಮಕ್ಕಳು ಆಟದ ಹಲಗೆ ಹರಡಿ ಊರುಗಳನ್ನು ಕೊಳ್ಳುತ್ತಾರೆ, ಮಾರುತ್ತಾರೆ. ಆಟ ತಾನೇ ಎಂದು ನಾವು ಸುಮ್ಮನಿರುತ್ತೇವೆ. ಆದರೆ ಆಟವೂ ಒಂದು ಪಾಠಶಾಲೆಯೇ ಎಂಬುದಕ್ಕೆ ಇತಿಹಾಸ ಸಾಕ್ಷಿಯಾಗಿದೆ.

1759ರಲ್ಲಿ ಲಂಡನ್ನಿನ ಜಾನ್ ಜೆಫ್ರೀಸ್ ಭೂಗೋಳ ಕಲಿಸಲೆಂದು ಯುರೋಪ್ ಪ್ರವಾಸದ ಆಟವೊಂದನ್ನು ಹೊರತಂದನು. ಭೂಪಟವೇ ಅದರ ಹಲಗೆ. ರೋಮ್ ನಗರದ ಮನೆಗೆ ಬಂದ ಆಟಗಾರನು, ಪೋಪರ ಪಾದ ಚುಂಬಿಸಿದ ಮೂರ್ಖತನಕ್ಕೆ ಶಿಕ್ಷೆಯಾಗಿ, ಐಸ್‌ಲ್ಯಾಂಡಿಗೆ ಗಡೀಪಾರಾಗಿ ಮೂರು ಸರದಿ ಕಳೆದುಕೊಳ್ಳಬೇಕಿತ್ತು. ಭೂಗೋಳದ ಜೊತೆಗೆ ಅನ್ಯರ ಶ್ರದ್ಧೆಯನ್ನು ಗೇಲಿ ಮಾಡುವುದನ್ನೂ ಮಗು ಕಲಿಯಿತು.

ಸಾಮ್ರಾಜ್ಯ ಬೆಳೆದಂತೆ ಆಟವೂ ಬೆಳೆಯಿತು. ಶ್ರೀರಂಗಪಟ್ಟಣ 1799ರಲ್ಲಿ ಪತನವಾಗಿ 23 ವರ್ಷಗಳ ಬಳಿಕ, 1822ರಲ್ಲಿ, ಏಷ್ಯಾ ಪ್ರವಾಸದ ಆಟ ಲಂಡನ್ನಿನಲ್ಲಿ ಅಚ್ಚಾಯಿತು. ಆನೆಯೊಂದರ ಚಿತ್ರದೊಳಗೆ ಖಂಡದ ದೃಶ್ಯಗಳು! ಸುಮಾರು 1850ರಲ್ಲಿ ಬಂದ ಇನ್ನೊಂದು ಆಟದ ಹೆಸರಿನಲ್ಲೇ ಪರದೇಶಗಳು ಬ್ರಿಟಿಷರ ‘ಸ್ವತ್ತು’ಗಳಾಗಿದ್ದವು. ಪ್ರಯಾಣಿಕ ಇಂಗ್ಲಿಷ್ ಮಗು. ನಾವು ನೋಟದ ವಸ್ತು.

ಒಂದು ಅಂಶವನ್ನು ಗಮನಿಸಿ. ದಾಳವು ಜೂಜಿನ ಸಂಕೇತವೆಂದು ಹಲವು ಇಂಗ್ಲಿಷ್ ಮನೆಗಳು ಅದನ್ನು ದೂರವಿಟ್ಟು, ಅಂಕಿ ಬರೆದ ಬುಗುರಿಯನ್ನು ತಿರುಗಿಸುತ್ತಿದ್ದವು. ದಾಳ ಹೊರಗುಳಿಯಿತು, ದರ್ಪ ಒಳಗೆ ಬಂತು. ಜೂಜನ್ನು ನಿಷಿದ್ಧವೆಂದು ನಂಬುವ ನಮಗೂ ಇದರಲ್ಲಿ ಪಾಠವಿದೆ.

ಪ್ರವಾಸಕ್ಕೆ ಇನ್ನೊಂದು ಕಣ್ಣೂ ಉಂಟು. ನಮ್ಮ ತೀರ್ಥಹಳ್ಳಿ ತಾಲೂಕಿನಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. 14ನೇ ಶತಮಾನದಲ್ಲಿ ಆ ಊರಿಗೆ ಬಂದ ಇಬ್ನ್ ಬತೂತ, ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುದನ್ನು ಮೆಚ್ಚಿ ದಾಖಲಿಸಿದನು. ಅದೇ ಬತೂತ ಮಾಲ್ಡೀವ್ಸ್‌ನಲ್ಲಿ ಖಾಝಿಯಾದಾಗ ಅಲ್ಲಿನ ಹೆಂಗಸರ ಉಡುಪನ್ನು ಬದಲಿಸಹೊರಟು ಸೋತನು. ಅಧಿಕಾರ ಕೈಗೆ ಬಂದಾಗ ಪ್ರಯಾಣಿಕನ ಕಣ್ಣು ಬದಲಾಗುತ್ತದೆ. ನಮ್ಮವನಾದರೂ ಅಷ್ಟೇ.

ಹಾಗಾದರೆ ನಮ್ಮ ಕಣ್ಣು ಎಂಥದು? ಬಿಹಾರ, ಅಸ್ಸಾಮಿನಿಂದ ದುಡಿಯಲು ಬಂದವರನ್ನು ಮಕ್ಕಳೆದುರಿಗೆ ನಾವು ಯಾವ ಮಾತಿನಲ್ಲಿ ಕರೆಯುತ್ತೇವೆ? ಬೆಂಕಿಪುರವೆನಿಸಿದ್ದ ಈ ಊರಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದ ಮೇಲೆ ನಮ್ಮಲ್ಲಿ ಎಷ್ಟೋ ಮಂದಿಯ ಅಜ್ಜಂದಿರು ಹೀಗೆಯೇ ಕೆಲಸ ಅರಸಿ ಬಂದವರಲ್ಲವೇ?

ಇಂದು ಸಂಜೆ ನೆಲದ ಮೇಲೆ ಸೀಮೆಸುಣ್ಣದಿಂದ ದಾರಿಯೊಂದನ್ನು ಬರೆಯಿರಿ: ಭದ್ರಾವತಿ, ಶಿವಮೊಗ್ಗ, ಸಾಗರ, ಜೋಗ, ಹೊನ್ನಾವರ. ದಾಳ ಬೇಡ, ಬುಗುರಿಯೂ ಬೇಡ. ಆ ಊರಿನವರಿಂದ ಕಲಿಯಬಹುದಾದ ಒಂದು ಒಳ್ಳೆಯ ಸಂಗತಿಯನ್ನು ಹೇಳಿದ ಮಗು ಒಂದು ಮನೆ ಮುಂದೆ ಹೋಗಲಿ. ಮಕ್ಕಳು ಊರುಗಳನ್ನು ಕೊಳ್ಳುವುದಕ್ಕಿಂತ ಮೊದಲು ಅಲ್ಲಿ ಅತಿಥಿಗಳಾಗುವುದನ್ನು ಕಲಿಯಲಿ.