ಪ್ರವಾಸವಿದ್ಯೆಯ ಪದವಿಯೂ ಜೀವನೋಪಾಯವೂ



ಮಕ್ಕಳನ್ನು ಯಾವ ವಿದ್ಯೆಗೆ ಸೇರಿಸಿದರೆ ಉದ್ಯೋಗವು ದೊರೆಯುವುದೆಂಬ ಚಿಂತೆಯು ತಾಯ್ತಂದೆಗಳನ್ನು ಸದಾ ಬಾಧಿಸುತ್ತಿರುವುದು. ಈಗ ಪ್ರವಾಸೋದ್ಯಮವೂ ಒಂದು ಶಾಸ್ತ್ರವಾಗಿ ವಿಶ್ವವಿದ್ಯಾಲಯಗಳನ್ನು ಪ್ರವೇಶಿಸಿರುವುದು. ಕೇಂದ್ರ ಸರ್ಕಾರವು ಇದರ ಬೋಧನೆಗೆಂದೇ 1983ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿತು. ಅದರ ಮುಖ್ಯಸ್ಥಾನವು ಗ್ವಾಲಿಯರ್ ನಗರದಲ್ಲಿರುವುದು. ಸಾಲಮಾಡಿ ಶುಲ್ಕ ಕಟ್ಟುವ ಮನೆತನದವರು ಈ ಪದವಿಯ ಬೆಲೆಯನ್ನು ಮೊದಲೇ ವಿಚಾರಿಸತಕ್ಕದ್ದು.

ಕನ್ನಡ ನಾಡಿನಲ್ಲಿ ಪ್ರೇಕ್ಷಣೀಯ ಸ್ಥಳಗಳಿಗೆ ಕೊರತೆಯಿಲ್ಲ. ಹಂಪೆಯು 1986ರಲ್ಲಿಯೂ, ಪಟ್ಟದಕಲ್ಲು 1987ರಲ್ಲಿಯೂ, ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿಯೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನೋಡಬಂದವರಿಗೆ ವಸತಿ, ವಾಹನ, ಆಹಾರ, ಮಾರ್ಗದರ್ಶನಗಳು ಬೇಕಾಗುವವು. ತನ್ಮೂಲಕ ಅನೇಕರಿಗೆ ಉದ್ಯೋಗವುಂಟು. ಆದರೆ ಉದ್ಯೋಗವುಂಟೆಂಬ ಮಾತು ಬೇರೆ, ಅದು ಈ ಪದವೀಧರನಿಗೇ ಮೀಸಲೆಂಬ ಮಾತು ಬೇರೆ. ಹೋಟೆಲಿನವರೂ ಪ್ರವಾಸದ ಏಜೆಂಟರೂ ಅನ್ಯ ಪದವಿಯವರನ್ನೂ ನೇಮಿಸಿಕೊಳ್ಳುವರು. ಮಾರ್ಗದರ್ಶಕನ ಅನುಮತಿಯೂ ಪದವಿಪತ್ರದೊಡನೆ ತಾನಾಗಿ ಬರತಕ್ಕದ್ದಲ್ಲ.

ಹಾಗಾದರೆ ಈ ವ್ಯಾಸಂಗವು ನಿಷ್ಫಲವೇ? ಹಾಗೆನ್ನಲಾಗದು. ಪ್ರಯಾಣದ ಏರ್ಪಾಡು, ಲೆಕ್ಕಪತ್ರ, ಅತಿಥಿಗಳೊಡನೆ ನಡೆಯತಕ್ಕ ರೀತಿ, ಸ್ಥಳಗಳ ಇತಿಹಾಸ ಇವುಗಳನ್ನು ಒಂದೆಡೆ ಕಲಿಸುವುದೇ ಅದರ ಗುಣ. ಮುಂದೆ ಮೇಲ್ವಿಚಾರಣೆಯ ಸ್ಥಾನಕ್ಕೇರುವಾಗ ಈ ತಿಳಿವಳಿಕೆಯು ಉಪಕರಿಸುವುದು. ಆದರೆ ಪರಭಾಷೆಯೊಂದನ್ನು ಚೆನ್ನಾಗಿ ಆಡಬಲ್ಲವನಿಗೂ, ಶಿಲ್ಪವನ್ನೂ ಶಾಸನವನ್ನೂ ಬಲ್ಲವನಿಗೂ, ವ್ಯಾಸಂಗದ ನಡುವೆಯೇ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ಕೆಲಸಮಾಡಿ ಪಳಗಿದವನಿಗೂ ಅದು ಫಲಿಸುವಂತೆ ಬರಿಯ ಪದವಿಪತ್ರವನ್ನು ಹಿಡಿದವನಿಗೆ ಫಲಿಸದು. ಹದಮಾಡದ ಹೊಲದಲ್ಲಿ ಉತ್ತಮ ಬೀಜವೂ ಸೊರಗುವುದಷ್ಟೆ.

ಈ ಉದ್ಯಮದ ಚಂಚಲತೆಯನ್ನೂ ಮರೆಯಲಾಗದು. 2019ರಲ್ಲಿ ಭಾರತಕ್ಕೆ ಬಂದ ವಿದೇಶೀ ಪ್ರವಾಸಿಗರು 1 ಕೋಟಿ 9 ಲಕ್ಷಕ್ಕೆ ಮಿಕ್ಕಿದ್ದರು. ಕೊರೋನಾ ವ್ಯಾಧಿಯು ಹಬ್ಬಿದ 2020ರಲ್ಲಿ ಆ ಸಂಖ್ಯೆಯು ಸುಮಾರು 27 ಲಕ್ಷಕ್ಕಿಳಿಯಿತು. ಅದು ಕಾರಣ ಲೆಕ್ಕಶಾಸ್ತ್ರ, ಗಣಕಯಂತ್ರದ ಕೆಲಸ ಮೊದಲಾಗಿ ಅನ್ಯತ್ರವೂ ಸಲ್ಲುವ ವಿದ್ಯೆಯೊಂದು ಜೊತೆಗಿರುವುದು ಕ್ಷೇಮ.

ಶುಲ್ಕವನ್ನು ಕಟ್ಟುವ ಮುನ್ನ ತಂದೆಯಾದವನು ಕಾಲೇಜಿನವರನ್ನು ಮೂರು ಸಂಗತಿಗಳನ್ನು ಕೇಳಲಿ: ಕೆಲಸದ ತರಬೇತಿಯು ಎಷ್ಟು ತಿಂಗಳು, ಎಲ್ಲಿ? ಯಾವ ಭಾಷೆಗಳನ್ನು ಕಲಿಸುವರು? ಹಿಂದೆ ಕಲಿತವರು ಈಗ ಯಾವ ಕೆಲಸದಲ್ಲಿ, ಎಷ್ಟು ಸಂಬಳದಲ್ಲಿರುವರು? ಮಗನನ್ನಾಗಲಿ ಮಗಳನ್ನಾಗಲಿ ಒಂದು ಮಾತು ಕೇಳಲಿ: ಹಬ್ಬದ ದಿನವೂ ಇರುಳಿನಲ್ಲಿಯೂ ನಿಂತು ಪರರ ಸತ್ಕಾರವನ್ನು ಕಾಯಕವೆಂದು ಮಾಡಲು ಮನಸ್ಸುಂಟೇ? ಈ ಉತ್ತರಗಳು ಸಮರ್ಪಕವಾದಲ್ಲಿ ಆ ಪದವಿಯು ಜೀವನಕ್ಕೆ ಆಧಾರವಾಗುವುದು. ಅಲ್ಲವಾದಲ್ಲಿ ಮನೆಗೆ ಸಾಲವೊಂದೇ ಉಳಿಯುವುದು.